ಚಿನ್ನದಲ್ಲಿ ಅಚ್ಚಾದ ಚರಿತ್ರೆ: ರೋಮನ್ ನಾಣ್ಯಗಳ ಚಿತ್ರಗಳು



ಪತ್ರಿಕೆಯಾಗಲಿ ಆಕಾಶವಾಣಿಯಾಗಲಿ ಇಲ್ಲದಿದ್ದ ಕಾಲದಲ್ಲಿ ರೋಮನ್ ಚಕ್ರವರ್ತಿಗಳು ತಮ್ಮ ಮುಖವನ್ನೂ ಸಂದೇಶವನ್ನೂ ಪ್ರಜೆಗಳಿಗೆ ತಲುಪಿಸಲು ನಾಣ್ಯಗಳನ್ನು ಬಳಸಿಕೊಂಡರು. ಅವರ ಚಿನ್ನದ ನಾಣ್ಯಕ್ಕೆ ‘ಆರಿಯಸ್’ ಎಂದು ಹೆಸರು. ಅಗಸ್ಟಸ್‌ನ ಕಾಲದಲ್ಲಿ ಅದು ಸುಮಾರು 8 ಗ್ರಾಂ ತೂಗುತ್ತಿತ್ತು. 25 ಬೆಳ್ಳಿಯ ದಿನಾರಿಯಸ್‌ಗಳಿಗೆ ಸಮನಾಗಿತ್ತು. ಈ ಬೆಳ್ಳಿ ನಾಣ್ಯದ ಹೆಸರೇ ಸಂಸ್ಕೃತದಲ್ಲಿ ‘ದೀನಾರ’ವಾಗಿ, ಚಿನ್ನದ ನಾಣ್ಯವನ್ನು ಸೂಚಿಸತೊಡಗಿತು.

ನಾಣ್ಯದ ಮುಂಬದಿಯಲ್ಲಿ ಚಕ್ರವರ್ತಿಯ ಪಾರ್ಶ್ವಮುಖ, ಸುತ್ತಲೂ ಅವನ ಹೆಸರು ಮತ್ತು ಬಿರುದುಗಳು. ಹಿಂಬದಿಯ ಚಿತ್ರವು ಆಳ್ವಿಕೆಯ ಆಶಯವನ್ನು ಸಾರುತ್ತಿತ್ತು. ಅಗಸ್ಟಸ್‌ನ ಒಂದು ನಾಣ್ಯದಲ್ಲಿ ಅವನು ದತ್ತು ಸ್ವೀಕರಿಸಿದ ಮೊಮ್ಮಕ್ಕಳಾದ ಗಾಯಸ್ ಮತ್ತು ಲೂಸಿಯಸ್, ಗುರಾಣಿ ಈಟಿಗಳೊಡನೆ ನಿಂತಿದ್ದಾರೆ. ಸಿಂಹಾಸನದ ಉತ್ತರಾಧಿಕಾರಿಗಳು ಇವರೆಂಬ ಘೋಷಣೆ ಅದು. ಆದರೆ ಇಬ್ಬರೂ ಅಗಸ್ಟಸ್‌ನಿಗಿಂತ ಮೊದಲೇ ತೀರಿಕೊಂಡರು. ನಾಣ್ಯ ಮಾತ್ರ ಉಳಿಯಿತು. ಮುಂದೆ ಪಟ್ಟಕ್ಕೆ ಬಂದ ಟೈಬೀರಿಯಸ್‌ನ ನಾಣ್ಯದಲ್ಲಿ ರಾಜದಂಡವನ್ನೂ ರೆಂಬೆಯನ್ನೂ ಹಿಡಿದು ಕುಳಿತ ಸ್ತ್ರೀಯನ್ನು ಅವನ ತಾಯಿ ಲಿವಿಯಾ ಎಂದು ಅನೇಕ ವಿದ್ವಾಂಸರು ಗುರುತಿಸುತ್ತಾರೆ.

ಭಾರತವು ವರ್ಷಕ್ಕೆ 5 ಕೋಟಿ ಸೆಸ್ಟರ್ಸ್‌ಗಳಷ್ಟು ಹಣವನ್ನು ಸೆಳೆಯುತ್ತಿದೆಯೆಂದು ಮೊದಲನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಕೊರಗಿದ್ದಾನೆ. ಮೆಣಸು, ಮುತ್ತು, ನವಿರಾದ ಬಟ್ಟೆಗಳಿಗೆ ಪ್ರತಿಯಾಗಿ ಬಂದ ಚಿನ್ನವದು. 1898ರಲ್ಲಿ ಪುದುಕ್ಕೋಟ್ಟೈ ಪ್ರದೇಶದಲ್ಲಿ ದೊರೆತ 501 ಆರಿಯಸ್‌ಗಳಲ್ಲಿ ಬಹುಪಾಲು ನಾಣ್ಯಗಳ ಮೇಲೆ ಚಕ್ರವರ್ತಿಯ ಮುಖಕ್ಕೆ ಅಡ್ಡಲಾಗಿ ಉಳಿಯಿಂದ ಕಡಿದ ಗುರುತಿದೆ. ಅವು ಮತ್ತೆ ನಾಣ್ಯವಾಗಿ ಚಲಾವಣೆಯಾಗದಿರಲೆಂದು ಹೀಗೆ ಮಾಡಿರಬೇಕೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ರೋಮಿನಲ್ಲಿ ಪೂಜ್ಯವಾಗಿದ್ದ ಮುಖ ಇಲ್ಲಿ ಕೇವಲ ತೂಕದ ಚಿನ್ನವಾಯಿತು.

ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ದೊರೆತ ನಿಧಿಯಲ್ಲಿ ಐದು ಮತ್ತು ಆರನೆಯ ಶತಮಾನಗಳ ಚಕ್ರವರ್ತಿಗಳ ಚಿನ್ನದ ನಾಣ್ಯಗಳಿವೆ. ಅಷ್ಟು ಹೊತ್ತಿಗೆ ಆರಿಯಸ್‌ನ ಸ್ಥಾನಕ್ಕೆ ಸುಮಾರು ನಾಲ್ಕೂವರೆ ಗ್ರಾಂ ತೂಕದ ‘ಸಾಲಿಡಸ್’ ಬಂದಿತ್ತು. ಆ ಕಾಲದ ಸಾಲಿಡಸ್‌ಗಳ ಹಿಂಬದಿಯಲ್ಲಿ ಉದ್ದನೆಯ ಶಿಲುಬೆ ಹಿಡಿದ ವಿಜಯದೇವತೆ ಹೆಚ್ಚಾಗಿ ಕಾಣಿಸುತ್ತಾಳೆ. ಸಾಮ್ರಾಜ್ಯದ ಮತ ಬದಲಾದುದಕ್ಕೆ ಆ ಚಿತ್ರವೇ ಸಾಕ್ಷಿ.

ಇಂತಹ ಸಾಕ್ಷ್ಯವು ಅಕ್ಕಸಾಲಿಗನ ಮೂಸೆಗೆ ಬಿದ್ದರೆ ಚಿನ್ನ ಉಳಿದೀತು, ಚರಿತ್ರೆ ಉಳಿಯದು. ನಾಣ್ಯಗಳು ಯಾವ ಊರಿನಲ್ಲಿ, ಯಾವ ಮಡಕೆಯಲ್ಲಿ, ಯಾವುದರೊಡನೆ ದೊರೆತವೆಂಬುದೂ ನಾಣ್ಯದಷ್ಟೇ ಅಮೂಲ್ಯ. ಆದುದರಿಂದ ನೆಲದಲ್ಲಿ ನಿಧಿ ಕಂಡವರು ಅದನ್ನು ತೊಳೆಯದೆ, ಹಂಚಿಕೊಳ್ಳದೆ, ಕಾಯಿದೆಯು ವಿಧಿಸಿದಂತೆ ಜಿಲ್ಲಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು. ಎರಡು ಸಾವಿರ ವರ್ಷ ಮಣ್ಣು ಕಾಪಾಡಿದುದನ್ನು ಮುಂದೆ ಕಾಪಾಡುವ ಹೊಣೆ ಪ್ರಜೆಗಳದು.