ಬರಿದಾದ ಕಣ್ಣುಗೂಡಿಗೆ ತೊಡೆಯ ಚರ್ಮ

ಇವತ್ತಿನ ವಿಷಯ ಕೇಳುವುದಕ್ಕೆ ಸ್ವಲ್ಪ ಕಷ್ಟದ್ದು. ಕ್ಯಾನ್ಸರ್ ಬಂದು ಕಣ್ಣನ್ನು ತೆಗೆಯಲೇಬೇಕಾದಾಗ ಮುಖದಲ್ಲಿ ಉಳಿಯುವ ಗುಳಿಗೆ ಏನು ಮಾಡುವುದು? ದೇಹದ ಬೇರೊಂದು ಕಡೆಯಿಂದ ಚರ್ಮ, ಕೊಬ್ಬು, ಸ್ನಾಯು ತಂದು ಅದನ್ನು ಮುಚ್ಚುವ ವಿದ್ಯೆಯಿದೆ. ಅದರ ಒಂದು ಹಳೆಯ ಎಳೆ ನಮ್ಮ ಶ್ರೀರಂಗಪಟ್ಟಣವನ್ನು ಹಾದು ಹೋಗುತ್ತದೆ.

ಕವಾಸ್ಜಿ ಎಂಬ ಮರಾಠ ರೈತ ಇಂಗ್ಲಿಷರ ಸೇನೆಯಲ್ಲಿ ಎತ್ತು ಹೊಡೆಯುತ್ತಿದ್ದ. 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡು, ಶ್ರೀರಂಗಪಟ್ಟಣದ ಬಳಿಯಿದ್ದ ಬಾಂಬೆ ಸೇನೆಯನ್ನು ಸೇರಿದ. ವರ್ಷ ಕಳೆದ ಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. ಮೇಣದ ತೆಳು ಹಾಳೆಯನ್ನು ಮೂಗಿನ ಆಕಾರಕ್ಕೆ ಒತ್ತಿ, ಹಣೆಯ ಮೇಲೆ ಹರಡಿ ಗೆರೆ ಎಳೆದು, ಅಷ್ಟು ಚರ್ಮವನ್ನು ಬಿಡಿಸಿ ಕೆಳಕ್ಕೆ ತಿರುಗಿಸುವುದು ಮೂಗು ಕಟ್ಟುವವರ ಕ್ರಮ. ಕಣ್ಣುಗಳ ನಡುವಿನ ಒಂದು ಕಿರುಪಟ್ಟಿಯನ್ನು ಮಾತ್ರ ಕತ್ತರಿಸುತ್ತಿರಲಿಲ್ಲ. ಅಂಚು ಕೂಡಿಸಿ, ನೀರಲ್ಲಿ ಕಲಸಿದ ಕಾಚು ಬಳಿದ ಬಟ್ಟೆಪಟ್ಟಿಗಳನ್ನು ಒಂದರ ಮೇಲೊಂದು ಹಾಕುವುದು. ನಾಲ್ಕು ದಿನದ ಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಕಿರುಪಟ್ಟಿಗೆ ಕತ್ತರಿ ಬೀಳುತ್ತಿದ್ದದ್ದು ಸುಮಾರು 25ನೇ ದಿನ. ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ 1794ರ ಅಕ್ಟೋಬರಿನಲ್ಲಿ ಇದನ್ನು ಚಿತ್ರದ ಸಮೇತ ಅಚ್ಚು ಹಾಕಿತು. ಇಪ್ಪತ್ತು ವರ್ಷದ ಮೇಲೆ, 1814ರಲ್ಲಿ, ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ ಇಂಗ್ಲೆಂಡಿನಲ್ಲಿ ಅದೇ ಕ್ರಮದಲ್ಲಿ ಮೂಗು ಕಟ್ಟಿದ.

ಗುಟ್ಟಿರುವುದು ಆ ಕಿರುಪಟ್ಟಿಯಲ್ಲಿ. ಅದರ ಮೂಲಕ ರಕ್ತ ಹರಿಯುತ್ತಿರುವತನಕ ಚರ್ಮಕ್ಕೆ ಜೀವ. ಹೀಗೆ ರಕ್ತನಾಳದ ಸಮೇತ ಜಾಗ ಬದಲಿಸುವ ಅಂಗಾಂಶಕ್ಕೆ ವೈದ್ಯರು ಫ್ಲ್ಯಾಪ್ ಎನ್ನುತ್ತಾರೆ. ತೆಳುವಾಗಿ ಹೆರೆದು ತಂದು ಹಚ್ಚುವ ಚರ್ಮ ಗ್ರಾಫ್ಟ್. ಅದು ಕೂತ ಜಾಗದಿಂದಲೇ ರಕ್ತ ಪಡೆದು ಬದುಕಬೇಕು.

ಎಲ್ಲ ಕಣ್ಣಿನ ಕ್ಯಾನ್ಸರಿಗೂ ಇಷ್ಟು ದೊಡ್ಡ ಕೆಲಸ ಬೇಕಾಗುವುದಿಲ್ಲ. ಗುಡ್ಡೆಯಷ್ಟನ್ನೇ ತೆಗೆದರೆ ರೆಪ್ಪೆ ಉಳಿಯುತ್ತದೆ, ಕೃತಕ ಕಣ್ಣು ಕೂರಿಸಬಹುದು. ಆದರೆ ರೆಪ್ಪೆಯ ಎಣ್ಣೆಗ್ರಂಥಿಯ ಕ್ಯಾನ್ಸರ್ ಒಳಕ್ಕಿಳಿದಾಗ, ಅಥವಾ ಸೈನಸ್‌ನ ಗಡ್ಡೆ ಮೇಲಕ್ಕೆ ನುಗ್ಗಿದಾಗ, ಗುಡ್ಡೆಯ ಜೊತೆಗೆ ಸ್ನಾಯು, ಕೊಬ್ಬು, ಕೆಲವೊಮ್ಮೆ ರೆಪ್ಪೆಯನ್ನೂ ತೆಗೆದು ಗೂಡನ್ನೇ ಬರಿದು ಮಾಡಬೇಕಾಗುತ್ತದೆ. ಇದರ ಹೆಸರು ಎಕ್ಸೆಂಟರೇಶನ್. 2021ರಲ್ಲಿ ಕೋವಿಡ್ ಬೆನ್ನಿಗೆ ಬಂದ ಕಪ್ಪು ಶಿಲೀಂಧ್ರ ರೋಗದಲ್ಲಿ ಎಷ್ಟೋ ಮನೆಯವರು ಈ ಹೆಸರನ್ನು ಮೊದಲ ಸಲ ಕೇಳಿದರು.

ಉಳಿಯುವುದು ಸುಮಾರು 30 ಮಿಲಿಲೀಟರ್ ಹಿಡಿಯುವ ಎಲುಬಿನ ಗೂಡು. ಅದರ ಮೇಲೆ ಮಿದುಳು, ಕೆಳಗೂ ಒಳಪಕ್ಕಕ್ಕೂ ಸೈನಸ್. ಒಳಗೋಡೆ ಕಾಗದದಷ್ಟು ತೆಳು. ಆದ್ದರಿಂದ ಇದನ್ನು ಬರೀ ಅಂದಚೆಂದದ ಪ್ರಶ್ನೆ ಎನ್ನುವಂತಿಲ್ಲ. ಗಾಯ ಬೇಗ ಮುಚ್ಚಬೇಕು, ಏಕೆಂದರೆ ರೇಡಿಯೇಷನ್ ಬೇಕಿದ್ದವರಿಗೆ ಅದನ್ನು ಸಾಮಾನ್ಯವಾಗಿ ಆರು ವಾರದೊಳಗೆ ಶುರು ಮಾಡುತ್ತಾರೆ.

ಸರಳ ದಾರಿಯೆಂದರೆ ತೊಡೆಯಿಂದ ತೆಳುಚರ್ಮ ಹೆರೆದು ಗೂಡಿನೊಳಗೆ ಹಾಸುವುದು. ಗುಳಿ ಗುಳಿಯಾಗಿಯೇ ಉಳಿಯುತ್ತದೆ. ಅದರಿಂದ ಲಾಭವೂ ಉಂಟು: ಕ್ಯಾನ್ಸರ್ ಮರಳಿದರೆ ಕಣ್ಣಿಗೆ ಕಾಣುತ್ತದೆ, ರೆಪ್ಪೆ, ಕಣ್ಣು ಸೇರಿದ ಕೃತಕ ಮುಖಭಾಗ ಕೂರಿಸಲು ಜಾಗವಿರುತ್ತದೆ. ಎರಡನೆಯದು ಕಣತಲೆಯ ಸ್ನಾಯುವನ್ನೋ ಹಣೆಯ ಚರ್ಮವನ್ನೋ ತಿರುಗಿಸಿ ತರುವುದು. ಕವಾಸ್ಜಿಯ ಮೂಗಿನ ದಾರಿ ಇದೇ. ಎಲುಬಿನ ಗೋಡೆಯೇ ಹೋಗಿ ಮಿದುಳಿನ ಪೊರೆ ತೆರೆದುಕೊಂಡಿದ್ದರೆ ದಪ್ಪನೆಯ ಮುಚ್ಚಿಗೆ ಬೇಕು. ಆಗ ತೊಡೆಯಿಂದಲೋ ಮುಂಗೈಯಿಂದಲೋ ಫ್ಲ್ಯಾಪನ್ನು ಪೂರ್ತಿ ಬಿಡಿಸಿ ತರುತ್ತಾರೆ.

ಆಪರೇಷನ್ ಥಿಯೇಟರಿನಲ್ಲಿ ಅತಿ ಸೂಕ್ಷ್ಮದ ಕೆಲಸ ಇದು. ತಂದ ತುಂಡಿನ ಅಪಧಮನಿ, ಅಭಿಧಮನಿಗಳನ್ನು ಕಣತಲೆಯ ಇಲ್ಲವೇ ಕುತ್ತಿಗೆಯ ನಾಳಗಳಿಗೆ ಸೂಕ್ಷ್ಮದರ್ಶಕದ ಕೆಳಗೆ ಹೊಲಿಯಬೇಕು. ನಾಳದ ಅಗಲ ಎರಡು-ಮೂರು ಮಿಲಿಮೀಟರ್; ನೈಲಾನ್ ದಾರ ತಲೆಗೂದಲಿಗಿಂತ ತೆಳು. ಮೊದಲ ಒಂದೆರಡು ದಿನ ನರ್ಸುಗಳು ಗಂಟೆಗೊಮ್ಮೆ ಬಂದು ಫ್ಲ್ಯಾಪಿನ ಬಣ್ಣ, ಬಿಸಿ ನೋಡುತ್ತಾರೆ. ಬಿಳಿಚಿ ತಣ್ಣಗಾದರೆ ರಕ್ತ ಬರುತ್ತಿಲ್ಲ, ನೀಲಿಗಟ್ಟಿದರೆ ಬಂದ ರಕ್ತ ಹೊರಹೋಗುತ್ತಿಲ್ಲ. ಎರಡರಲ್ಲಿ ಯಾವುದಾದರೂ ತಡಮಾಡದೆ ಮತ್ತೆ ಥಿಯೇಟರಿಗೆ.

ದಪ್ಪ ಫ್ಲ್ಯಾಪಿಗೆ ತೊಡಕೂ ಇದೆ. ಗೂಡು ತುಂಬಿಬಿಟ್ಟರೆ ಕೃತಕ ಮುಖಭಾಗಕ್ಕೆ ಜಾಗವಿರದು. ಅಡಿಯಲ್ಲಿ ರೋಗ ಮರುಕಳಿಸಿದರೆ ಹೊರಗೆ ಕಾಣದು, ಸ್ಕ್ಯಾನ್‌ಗಳನ್ನೇ ನಂಬಬೇಕು. ಒಳ್ಳೆಯ ಶಸ್ತ್ರವೈದ್ಯ ರೋಗಿಯ ವಯಸ್ಸು, ಗಡ್ಡೆಯ ಜಾತಿ, ರೇಡಿಯೇಷನ್ನಿನ ಅಗತ್ಯ ಎಲ್ಲ ನೋಡಿ ತೂಗುತ್ತಾನೆ.

ಕೊನೆಗೆ ಸಿಲಿಕೋನ್ ರೆಪ್ಪೆ, ಅಕ್ರಿಲಿಕ್ ಕಣ್ಣು ಸೇರಿಸಿದ ಕೃತಕ ಮುಖಭಾಗ. ಕನ್ನಡಕಕ್ಕೆ ಕಚ್ಚಿಸಬಹುದು, ಅಂಟಿನಿಂದ ಕೂರಿಸಬಹುದು, ಎಲುಬಿಗೆ ನೆಟ್ಟ ಟೈಟಾನಿಯಂ ಮೊಳೆಗೆ ಅಯಸ್ಕಾಂತದಿಂದ ಹಿಡಿಸಬಹುದು. ಅದು ಮಿಟುಕಿಸುವುದಿಲ್ಲ, ನೋಡುವುದೂ ಇಲ್ಲ. ಆದರೂ ಅದನ್ನು ಹಾಕಿಕೊಂಡು ಜನರ ನಡುವೆ ಓಡಾಡಬಹುದು.

ಮಕ್ಕಳ ಲೆಕ್ಕ ಬೇರೆ. ಐದು ವರ್ಷದೊಳಗಿನವರಲ್ಲೇ ಹೆಚ್ಚಾಗಿ ಬರುವ ರೆಟಿನೊಬ್ಲಾಸ್ಟೋಮಾ ಎಂಬ ಕಣ್ಣಿನ ಕ್ಯಾನ್ಸರಿನಲ್ಲಿ ಗುಡ್ಡೆ ತೆಗೆದರೆ ಆ ಕಡೆಯ ಎಲುಬಿನ ಬೆಳವಣಿಗೆ ಕುಂಠಿತವಾಗುತ್ತದೆ. ಅದಕ್ಕೆ ಪೃಷ್ಠದಿಂದ ಚರ್ಮದಡಿಯ ಕೊಬ್ಬಿನ ತುಂಡು ತಂದು ಇಡುವುದುಂಟು. ಎಳೆಯ ಮಕ್ಕಳಲ್ಲಿ ಅದು ಅವರ ಜೊತೆಗೇ ಬೆಳೆಯಬಲ್ಲದು.

ಇಷ್ಟೆಲ್ಲ ಬೇಡವಾಗುವ ದಾರಿ ಬೇಗ ಪತ್ತೆಹಚ್ಚುವುದು. ಫೋಟೊದಲ್ಲಿ ಮಗುವಿನ ಪಾಪೆ ಬೆಳ್ಳಗೆ ಹೊಳೆದರೆ ನಾಳೆ ಎನ್ನಬೇಡಿ. ದೊಡ್ಡವರ ರೆಪ್ಪೆಯಲ್ಲಿ ಕಣ್ಣುಕುರು ಅದೇ ಜಾಗದಲ್ಲಿ ಮತ್ತೆ ಮತ್ತೆ ಎದ್ದರೆ ಮುಲಾಮು ಬದಲಿಸುತ್ತ ಕೂರದೆ ಬಯಾಪ್ಸಿ ಮಾಡಿಸಲು ಕೇಳಿ. ಮಿಂಟೋ ಕಣ್ಣಾಸ್ಪತ್ರೆ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಎರಡೂ ನಮ್ಮ ಬೆಂಗಳೂರಿನಲ್ಲೇ ಇವೆ, ಎರಡೂ ಸರ್ಕಾರದವು.