ಮನೋಚಿಕಿತ್ಸೆ: ಉಪದೇಶವಲ್ಲ, ಚಿಕಿತ್ಸೆ

(ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮನೆಯಲ್ಲಿ ಯಾರಿಗಾದರೂ ಮೂರು ದಿನ ಜ್ವರ ಬಿಡದಿದ್ದರೆ ನಾವು ವೈದ್ಯರ ಬಳಿಗೆ ಧಾವಿಸುತ್ತೇವೆ. ಬಂಧುಗಳಿಗೂ ತಿಳಿಸುತ್ತೇವೆ. ಆದರೆ ಅದೇ ಮನೆಯ ಮಗಳು ಮೂರು ತಿಂಗಳಿನಿಂದ ನಿದ್ದೆಯಿಲ್ಲದೆ, ಊಟ ಸೇರದೆ, ಯಾರೊಂದಿಗೂ ಮಾತಾಡದೆ ಕುಳಿತಿದ್ದರೆ ಮನೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ವಿಷಯ ಹೊರಗೆ ಹೋದರೆ ಮದುವೆ ಸಂಬಂಧ ತಪ್ಪೀತೆಂಬ ಭಯ. ಒಬ್ಬರು ಇದನ್ನು ಈಮಾನಿನ ಕೊರತೆ ಎನ್ನುತ್ತಾರೆ, ಇನ್ನೊಬ್ಬರು ಜಿನ್ನ್‌ನ ಬಾಧೆ ಎನ್ನುತ್ತಾರೆ, ಮತ್ತೊಬ್ಬರು ತಾಯಿತ ತರುತ್ತಾರೆ. ಆಕೆಗೆ ಏನಾಗುತ್ತಿದೆ ಎಂದು ಆಕೆಯನ್ನೇ ಕೇಳುವವರು ಮಾತ್ರ ಇರುವುದಿಲ್ಲ.

ಈ ಮೌನಕ್ಕೆ ಎಂತಹ ಬೆಲೆ ತೆರಬೇಕಾಗುತ್ತದೆ ಎಂಬುದನ್ನು 2001ರ ಆಗಸ್ಟ್ 6ರಂದು ದೇಶ ಕಂಡಿತು. ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಸಮೀಪದ ಖಾಸಗಿ ಆಶ್ರಯ ಗೃಹವೊಂದಕ್ಕೆ ಬೆಂಕಿ ಬಿತ್ತು. ಗುಣವಾಗಲೆಂದು ಮನೆಯವರು ಅಲ್ಲಿ ಬಿಟ್ಟುಹೋಗಿದ್ದ ಮಾನಸಿಕ ರೋಗಿಗಳು ಸರಪಳಿಗಳಲ್ಲಿ ಬಂಧಿತರಾಗಿದ್ದರು. ಓಡಲಾಗದೆ 28 ಮಂದಿ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ಆದರೆ ಲಜ್ಜೆಯ ಸರಪಳಿಯನ್ನು ಕಾಯ್ದೆ ಬಿಚ್ಚಲಾರದು. ಅದನ್ನು ನಾವೇ ಬಿಚ್ಚಬೇಕು.

ಇದು ಯಾವುದೋ ನಾಲ್ಕು ಮನೆಗಳ ಸಮಸ್ಯೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು ಶೇ. 10.6ರಷ್ಟು ಮಂದಿ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಅವರಲ್ಲಿ ಹೆಚ್ಚಿನವರು ಚಿಕಿತ್ಸೆಯ ಬಾಗಿಲನ್ನೇ ತಲುಪಿರಲಿಲ್ಲ.

ಹಾಗಾದರೆ ಮನೋಚಿಕಿತ್ಸೆ ಎಂದರೇನು? ಬರೇ ಮಾತಾಡಿದರೆ ರೋಗ ವಾಸಿಯಾಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಸ್ನೇಹಿತನ ಸಾಂತ್ವನ, ಹಿರಿಯರ ಬುದ್ಧಿಮಾತು, ವಿದ್ವಾಂಸರ ಉಪದೇಶ ಇವೆಲ್ಲಕ್ಕೂ ಬೆಲೆಯಿದೆ. ಆದರೆ ಇವು ಮನೋಚಿಕಿತ್ಸೆಯಲ್ಲ. ತರಬೇತಿ ಪಡೆದ ವ್ಯಕ್ತಿಯು ರೋಗಿಯ ಆಲೋಚನೆ, ಭಾವನೆ ಮತ್ತು ವರ್ತನೆಗಳ ನಡುವಿನ ಗಂಟನ್ನು ಗುರುತಿಸಿ, ಅದನ್ನು ಬಿಚ್ಚುವ ವಿಧಾನವನ್ನು ರೋಗಿಗೇ ಕಲಿಸಿಕೊಡುವುದು ಮನೋಚಿಕಿತ್ಸೆ. ಅದಕ್ಕೆ ಗುರಿಯಿದೆ, ಕ್ರಮವಿದೆ, ಅವಧಿಯಿದೆ.

ನಮಗೆಲ್ಲ ಪರಿಚಿತವಾದ ಒಂದು ಉದಾಹರಣೆಯನ್ನು ನೋಡೋಣ. ಒಬ್ಬ ಯುವಕ ವುಝೂ ಮಾಡಲು ಕೂರುತ್ತಾನೆ. ಕೈ ಸರಿಯಾಗಿ ತೊಳೆಯಲಿಲ್ಲವೇನೋ ಎಂಬ ಸಂಶಯ, ಮತ್ತೆ ತೊಳೆಯುತ್ತಾನೆ. ಅರ್ಧ ಗಂಟೆ ಕಳೆಯುತ್ತದೆ, ಜಮಾಅತ್ ಮುಗಿಯುತ್ತದೆ, ಕೈಯ ಚರ್ಮ ಬಿರಿಯುತ್ತದೆ, ಸಂಶಯ ಮಾತ್ರ ಹೋಗುವುದಿಲ್ಲ. ‘ಮೂರು ಸಲ ತೊಳೆದರೆ ಸಾಕು’ ಎಂದು ನಾವು ಬುದ್ಧಿ ಹೇಳುತ್ತೇವೆ. ಅದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು. ಅವನಿಗಿರುವುದು ಜ್ಞಾನದ ಕೊರತೆಯೂ ಅಲ್ಲ, ವಿಶ್ವಾಸದ ಕೊರತೆಯೂ ಅಲ್ಲ. ಅದು ಗೀಳು ರೋಗ.

ಈ ರೋಗಕ್ಕೆ ಲಂಡನ್ನಿನ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು 1966ರಲ್ಲಿ ಪ್ರಕಟಿಸಿದ ವಿಧಾನವೊಂದು ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಚಿಕಿತ್ಸಕರು ರೋಗಿಯ ಭಯಗಳನ್ನು ಚಿಕ್ಕದರಿಂದ ದೊಡ್ಡದರವರೆಗೆ ಪಟ್ಟಿ ಮಾಡುತ್ತಾರೆ. ಚಿಕ್ಕ ಭಯದಿಂದ ಆರಂಭಿಸಿ, ತೊಳೆಯುವುದು ಮುಗಿದ ಮೇಲೆ ಸಂಶಯ ಎಷ್ಟೇ ಪೀಡಿಸಿದರೂ ಮತ್ತೆ ನೀರಿಗೆ ಕೈ ಹಾಕದಿರುವ ಅಭ್ಯಾಸ ಮಾಡಿಸುತ್ತಾರೆ. ಮೊದಲು ಆತಂಕ ಏರುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಮತ್ತೆ ಮತ್ತೆ ಹೀಗೆ ಮಾಡಿದಾಗ, ತೊಳೆಯದಿದ್ದರೂ ಅನಾಹುತವಾಗದು ಎಂಬುದನ್ನು ಮನಸ್ಸು ಅನುಭವದಿಂದಲೇ ಕಲಿಯುತ್ತದೆ. ಮನೆಯವರಿಗೂ ಇಲ್ಲಿ ಪಾಠವಿದೆ. ‘ಸರಿಯಾಯಿತೇ?’ ಎಂದು ಅವನು ಹತ್ತು ಸಲ ಕೇಳಿದಾಗ ಹತ್ತು ಸಲವೂ ‘ಸರಿಯಾಯಿತು’ ಎಂದರೆ ನಾವು ಪ್ರೀತಿಯಿಂದಲೇ ರೋಗವನ್ನು ಪೋಷಿಸಿದಂತಾಗುತ್ತದೆ.

ಖಿನ್ನತೆಗೆ ಬೇರೆ ವಿಧಾನವಿದೆ. ‘ನಾನು ಯಾವುದಕ್ಕೂ ಬಾರದವಳು’ ಎಂಬ ಮಾತು ಖಿನ್ನತೆಯಲ್ಲಿರುವವರ ಮನಸ್ಸಿನಲ್ಲಿ ಸಾಕ್ಷ್ಯವಿಲ್ಲದೆಯೇ ತೀರ್ಪು ಕೊಡುತ್ತಿರುತ್ತದೆ. ಆ ತೀರ್ಪನ್ನು ವಿಚಾರಣೆಗೆ ಒಳಪಡಿಸುವ ಕ್ರಮವನ್ನು 1960ರ ದಶಕದಲ್ಲಿ ಅಮೆರಿಕದ ಆರನ್ ಬೆಕ್ ರೂಪಿಸಿದರು.

ಇದೆಲ್ಲ ಪಾಶ್ಚಾತ್ಯರ ವಿದ್ಯೆ, ನಮಗೇಕೆ ಎನ್ನುವವರು ಅಬೂ ಝೈದ್ ಅಲ್ ಬಲ್ಖೀಯವರನ್ನು ನೆನಪಿಸಿಕೊಳ್ಳಲಿ. 934ರಲ್ಲಿ ನಿಧನರಾದ ಈ ವಿದ್ವಾಂಸರು ದೇಹ ಮತ್ತು ಮನಸ್ಸುಗಳ ಆರೋಗ್ಯದ ಬಗ್ಗೆ ಒಂದೇ ಗ್ರಂಥದಲ್ಲಿ ಬರೆದರು. ಕೋಪ, ಭಯ, ದುಃಖ ಮತ್ತು ವಸ್‌ವಾಸ್ ಇವುಗಳನ್ನು ಬೇರೆ ಬೇರೆಯಾಗಿ ವಿವರಿಸಿದರು. ಆಪತ್ತಿಗೆಂದು ಮನೆಯಲ್ಲಿ ಔಷಧಿ ಇಟ್ಟುಕೊಳ್ಳುವಂತೆ, ಮನಸ್ಸು ಶಾಂತವಾಗಿರುವಾಗಲೇ ಒಳ್ಳೆಯ ಆಲೋಚನೆಗಳನ್ನು ಕೂಡಿಟ್ಟುಕೊಳ್ಳಬೇಕೆಂಬುದು ಅವರ ಸಲಹೆ. ಮನಸ್ಸಿಗೆ ಚಿಕಿತ್ಸೆ ಪಡೆಯುವುದು ನಮ್ಮ ಪರಂಪರೆಗೆ ಹೊಸದೇನಲ್ಲ. ಅದನ್ನು ಮರೆತವರು ನಾವು.

ಹಾಗೆಂದು ಮನೋಚಿಕಿತ್ಸೆ ಸರ್ವರೋಗಕ್ಕೂ ಮದ್ದಲ್ಲ. ಸ್ಕಿಜೋಫ್ರೇನಿಯಾದಂತಹ ತೀವ್ರ ಕಾಯಿಲೆಗಳಿಗೆ ಮನೋವೈದ್ಯರ ಔಷಧಿ ಬೇಕೇ ಬೇಕು. ಹಲವರಿಗೆ ಔಷಧಿ ಮತ್ತು ಮಾತು ಎರಡೂ ಬೇಕಾಗುತ್ತವೆ. ಫಲ ಕಾಣಲು ವಾರಗಳು, ತಿಂಗಳುಗಳು ಹಿಡಿಯಬಹುದು. ಒಂದೇ ಭೇಟಿಯಲ್ಲಿ ಗುಣಪಡಿಸುತ್ತೇನೆಂದು ಹಣ ಕೇಳುವವರು ಯಾವ ವೇಷದಲ್ಲಿದ್ದರೂ ದೂರವಿಡಿ. ಚಿಕಿತ್ಸಕರ ಅರ್ಹತೆಯನ್ನು ಕೇಳಿ ತಿಳಿಯುವುದು ನಿಮ್ಮ ಹಕ್ಕು. ರೋಗಿಯ ವಿವರಗಳನ್ನು ಗುಟ್ಟಾಗಿಡುವುದು ಕಾನೂನಿನ ಪ್ರಕಾರ ಅವರ ಕರ್ತವ್ಯ.

ಮೊಹಲ್ಲಾ ಜಮಾಅತ್‌ಗಳ ಹೊಣೆಗಾರರಲ್ಲಿ ಒಂದು ವಿನಂತಿ. 2022ರ ಅಕ್ಟೋಬರ್‌ನಲ್ಲಿ ಸರಕಾರ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತಾಡಬಹುದು. ನಮಾಝಿನ ವೇಳಾಪಟ್ಟಿ ತೂಗುವ ಮಸೀದಿಯ ಗೋಡೆಯಲ್ಲಿ ಈ ಸಂಖ್ಯೆಗೂ ಒಂದು ಜಾಗ ಕೊಡಿ. ಹೆಣ್ಣುಮಕ್ಕಳ ಕಣ್ಣಿಗೂ ಬೀಳುವಂತೆ ಮದ್ರಸಾಗಳಲ್ಲಿ ಹಚ್ಚಿ. ಮನೆಯಲ್ಲಿ ಹೇಳಲಾರದ ನೋವನ್ನು ಹೇಳಿಕೊಳ್ಳಲು ಒಂದು ಬಾಗಿಲಿದೆ ಎಂಬುದು ಒಬ್ಬ ಯುವಕನಿಗೆ, ಒಬ್ಬ ತಾಯಿಗೆ ಗೊತ್ತಾದರೂ ಸಾಕು, ಒಂದು ಜೀವ ಉಳಿದೀತು.