ತುತ್ತಿನ ಅಳತೆ



ಕಳೆದ ಮಳೆಗಾಲದಲ್ಲಿ ಶಿವಮೊಗ್ಗದ ವಿನೋಬನಗರದ ನಮ್ಮ ಬೀದಿಗೆ ಒಂದು ಬಡಕಲು ನಾಯಿ ಬಂತು. ಪಕ್ಕೆಲುಬುಗಳನ್ನು ಎಣಿಸಬಹುದಿತ್ತು. ಗೇಟಿನ ಬಳಿ ಮುದುಡಿ ಮಲಗಿದ್ದ ಅದಕ್ಕೆ, ಕರೆದರೆ ಬಾಲ ಅಲ್ಲಾಡಿಸುವಷ್ಟೂ ತ್ರಾಣವಿರಲಿಲ್ಲ. ಕರುಳು ಚುರುಕ್ ಎಂದಿತು. ತಟ್ಟೆ ತುಂಬ ಹಾಲು-ಅನ್ನ ಕಲಸಿ ಇಟ್ಟೆ. ಗಬಗಬನೆ ತಿಂದಿತು, ತುಸು ಹೊತ್ತಿಗೇ ಎಲ್ಲವನ್ನೂ ಕಕ್ಕಿತು.

ಪಶುವೈದ್ಯರು ತಿಳಿಹೇಳಿದರು: ಬಹಳ ದಿನ ಹಸಿದ ಜೀವಕ್ಕೆ ಒಮ್ಮೆಲೇ ಹೊಟ್ಟೆ ತುಂಬಿಸಬಾರದು. ರಕ್ತದಲ್ಲಿನ ರಂಜಕ, ಪೊಟ್ಯಾಸಿಯಂ ದಿಢೀರನೆ ಇಳಿದು ಹೃದಯಕ್ಕೇ ಅಪಾಯವಾಗಬಹುದು. ಸ್ವಲ್ಪಸ್ವಲ್ಪವೇ, ದಿನಕ್ಕೆ ನಾಲ್ಕೈದು ಸಲ ಕೊಡಬೇಕು. ಜಂತುಹುಳುವಿನ ಔಷಧ, ರೇಬಿಸ್ ಲಸಿಕೆಯನ್ನೂ ಮರೆಯಬಾರದು. ಪಶುವೈದ್ಯಕೀಯ ಕಾಲೇಜು ನಮ್ಮ ಶಿವಮೊಗ್ಗದಲ್ಲೇ ಇದೆ. ಹೋಗಿ ಕೇಳಲು ಸಂಕೋಚ ಬೇಡ.

ಅಂದಿನಿಂದ ಅಂಗೈಯಗಲ ಗಂಜಿ, ಒಂದಿಷ್ಟು ಬೇಯಿಸಿದ ಮೊಟ್ಟೆ, ಮಲಗಲು ಒಣ ಗೋಣಿಚೀಲ. ಕೆಲವು ವಾರಗಳ ಬಳಿಕ ಒಂದು ಬೆಳಗ್ಗೆ, ನಾನು ಬಾಗಿಲು ತೆರೆದ ಸದ್ದಿಗೆ ಗೋಣಿಚೀಲದ ಮೇಲೆ ಬಾಲ ಟಪಟಪನೆ ಬಡಿಯಿತು.

ನಾಯಿಯನ್ನು ಗೌರವಿಸುವುದು ನಮಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ, ಕ್ರಿ.ಶ. 950ರ ಆಸುಪಾಸಿನಲ್ಲಿ, ಕಾಡುಹಂದಿಯೊಡನೆ ಕಾದಾಡಿ ಮಡಿದ 'ಕಾಳಿ' ಎಂಬ ನಾಯಿಗೆ ಶಾಸನವನ್ನೇ ನಿಲ್ಲಿಸಿದರು. ವೀರ ನಾಯಿಗೆ ಕಲ್ಲು ನೆಟ್ಟ ನಾಡು ನಮ್ಮದು. ಸೋತು ಬಂದ ನಾಯಿಗೆ ಒಂದು ಗೋಣಿಚೀಲ ಹಾಸಲಾರೆವೆ?

ಮರುಕ ಒಂದು ಗಳಿಗೆಯಲ್ಲಿ ಉಕ್ಕುತ್ತದೆ. ಆರೈಕೆ ದಿನದಿನವೂ ನಡೆಯಬೇಕು, ಹಸಿದವರ ಹೊಟ್ಟೆಯ ಅಳತೆಯನ್ನು ಅರಿತು. ಮನುಷ್ಯರ ವಿಷಯದಲ್ಲೂ ಇದೇ ಮಾತು.